ಛತ್ರಿ ಎಷ್ಟು ಅಂತ ಕೇಳಿದ್ರು: ಕಾಲೇಜ್ ಪ್ರಾಜೆಕ್ಟ್‌ಗೆ ಥೀಮ್ ಇರೋ ಪಾಪ್ ಅಪ್ ಅಂಗಡಿ ಮಾಡೋದು ಹೇಗೆ

ನಾನು ವಿಶುವಲ್ ಮರ್ಚಂಡೈಸಿಂಗ್ (ಸರಕು ಕಣ್ಣಿಗೆ ಬೀಳೋ ಹಾಗೆ ಅಂಗಡಿ ಜೋಡಿಸೋ ವಿದ್ಯೆ) ಓದ್ತಿದ್ದಾಗ ಮೊದಲ ಪಾಪ್ ಅಪ್, ಅಂದ್ರೆ ಒಂದೆರಡು ದಿನಕ್ಕಷ್ಟೇ ಹಾಕೋ ಅಂಗಡಿ, ಮಾಡಿದ್ದು ಮೂರನೇ ಸೆಮಿಸ್ಟರಲ್ಲಿ. ಥೀಮ್ ಮಳೆಗಾಲ. ನಾಲ್ಕು ಜನ ಸೇರ್ಕೊಂಡು ಬೆಂಗಳೂರಿನ ಚಿಕ್ಕಪೇಟೆ ಎಲ್ಲಾ ಸುತ್ತಿ ನಲವತ್ತು ಬಣ್ಣಬಣ್ಣದ ಛತ್ರಿ ತಂದು ತಲೆ ಮೇಲೆ ತೂಗುಹಾಕಿದ್ವಿ, ಕೆಳಗೆ ಟೇಬಲ್ ಮೇಲೆ ಮಾರೋದಕ್ಕೆ ಇಟ್ಟಿದ್ದು ಮಾತ್ರ ಹಲಸಿನ ಹಪ್ಪಳ, ಕಷಾಯದ ಪುಡಿ, ಮಿಡಿ ಉಪ್ಪಿನಕಾಯಿ. ಜನ ಬಂದ್ರು, ಚೆನ್ನಾಗೇ ಬಂದ್ರು. ಛತ್ರಿ ಕೆಳಗೆ ನಿಂತು ಸೆಲ್ಫಿ ತಗೊಂಡ್ರು. ಆಮೇಲೆ "ಛತ್ರಿ ಎಷ್ಟು?" ಅಂತ ಕೇಳಿದ್ರು. ಅದು ಮಾರೋಕಲ್ಲ ಅಂದ್ರೆ "ಮತ್ತೆ ಇನ್ನೇನು ಮಾರ್ತಿದೀರ ಇಲ್ಲಿ?" ಅಂದ್ರು. ಎರಡು ದಿನಕ್ಕೆ ಹನ್ನೊಂದು ಪ್ಯಾಕೆಟ್ ಹಪ್ಪಳ ಹೋಯ್ತು, ಅದ್ರಲ್ಲಿ ಮೂರು ನಮ್ಮ ಮೇಡಂ ಅವ್ರೇ ಪಾಪ ಅಂತ ತಗೊಂಡಿದ್ದು.

ಐದನೇ ಸೆಮಿಸ್ಟರಲ್ಲಿ ಮತ್ತೆ ಅದೇ ಮಳೆಗಾಲ, ಅದೇ ಸರಕು ಇಟ್ಕೊಂಡು ಹಠಕ್ಕೆ ಬಿದ್ದು ಇನ್ನೊಂದ್ಸಲ ಮಾಡಿದೆ. ಆಗ ಸರಿಯಾಯ್ತು. ಈ ಎರಡರ ಮಧ್ಯೆ ಏನು ಬದಲಾಯ್ತು ಅನ್ನೋದನ್ನೇ ಇಲ್ಲಿ ಹಂತಹಂತವಾಗಿ ಬರೀತಿದೀನಿ, ಈ ವರ್ಷ ಇದೇ ಪ್ರಾಜೆಕ್ಟ್ ಸಿಕ್ಕಿರೋರಿಗೆ ಉಪಯೋಗಕ್ಕೆ ಬರುತ್ತೆ.

ಮೊದಲು ಜಾಗ ಅಳೀರಿ, ಆಮೇಲೆ ಕನಸು ಕಾಣಿ

ಬ್ರೀಫ್ (ಏನು ಮಾಡ್ಬೇಕು ಅಂತ ಕಾಲೇಜಲ್ಲಿ ಕೊಡೋ ಹಾಳೆ) ಕೈಗೆ ಬಂದ ತಕ್ಷಣ ಎಲ್ರೂ ಫೋನ್ ತೆಗೆದು ಚಂದಚಂದದ ಅಂಗಡಿ ಫೋಟೋ ಹುಡುಕೋಕೆ ಕೂತ್ಕೋತಾರೆ. ಬೇಡ. ಟೇಪ್ ಹಿಡ್ಕೊಂಡು ಜಾಗಕ್ಕೆ ಹೋಗಿ. ಉದ್ದ, ಅಗಲ ಎಲ್ರೂ ಅಳೀತಾರೆ, ಎತ್ತರ ಅಳೆಯೋದು ಮರೀತಾರೆ. ಕಂಬ ಇದ್ಯಾ, ಗೋಡೆಗೆ ಮೊಳೆ ಹೊಡೀಬಹುದಾ ಇಲ್ವಾ, ಮೇಲಿಂದ ಏನಾದ್ರೂ ತೂಗುಹಾಕೋಕೆ ಕೊಕ್ಕೆ ಇದ್ಯಾ, ಪ್ಲಗ್ ಪಾಯಿಂಟ್ ಎಲ್ಲಿದೆ, ಅದು ಕೆಲಸ ಮಾಡುತ್ತಾ (ಚಾರ್ಜರ್ ಹಾಕಿ ನೋಡಿ, ಕೇಳಿ ನಂಬ್ಬೇಡಿ), ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿ ತೂಗುಹಾಕಿದಾರೆ. ಆ ಸಿಲಿಂಡರ್ ಮುಂದೆ ಏನೂ ಇಡೋ ಹಾಗಿಲ್ಲ, ನಾವು ಅದನ್ನ ನೋಡದೇ ಅಲ್ಲೇ ಮುಖ್ಯ ಡಿಸ್ಪ್ಲೇ ಪ್ಲಾನ್ ಮಾಡಿ ಸೆಟಪ್ ದಿನ ಬೆಳಗ್ಗೆ ಎಲ್ಲಾ ಒಂದಡಿ ಪಕ್ಕಕ್ಕೆ ಎಳೀಬೇಕಾಯ್ತು.

ಇನ್ನೊಂದು ವಿಷ್ಯ, ಅಂಗಡಿ ಯಾವ ಹೊತ್ತಲ್ಲಿ ತೆರೆದಿರುತ್ತೋ ಅದೇ ಹೊತ್ತಲ್ಲಿ ಒಂದು ಅರ್ಧ ಗಂಟೆ ಅಲ್ಲಿ ಸುಮ್ನೆ ನಿಂತ್ಕೊಳ್ಳಿ. ಜನ ಯಾವ ಕಡೆಯಿಂದ ಬರ್ತಾರೆ, ಬಿಸಿಲು ಎಲ್ಲಿ ಬೀಳುತ್ತೆ, ಕ್ಯಾಂಟೀನ್ ಕ್ಯೂ ನಿಮ್ಮ ಬಾಗಿಲಿಗೆ ಅಡ್ಡ ಬರುತ್ತಾ, ಇದೆಲ್ಲ ಯಾವ ಡ್ರಾಯಿಂಗಲ್ಲೂ ಗೊತ್ತಾಗಲ್ಲ.

ಬ್ರೀಫಲ್ಲಿ ಬರೀ ಮಾಡೆಲ್ ಕೇಳಿದಾರಾ, ನಿಜವಾದ ಅಂಗಡಿ ಹಾಕ್ಬೇಕಾ, ಮಾರಾಟಕ್ಕೆ ಮಾರ್ಕ್ಸ್ ಇದ್ಯಾ, ಅದನ್ನ ಮೊದಲ ದಿನವೇ ಕೇಳಿ ಬರ್ಕೊಳ್ಳಿ. ನಮಗೆ ಕೊಟ್ಟಿದ್ದು 10 ಅಡಿ ಉದ್ದ 8 ಅಡಿ ಅಗಲದ ಜಾಗ, ಎರಡು ದಿನ, 15,000 ರೂಪಾಯಿ. ಮುಂದಿನದ್ದೆಲ್ಲ ಈ ಲೆಕ್ಕದಲ್ಲೇ ಹೇಳ್ತೀನಿ, ನಿಮ್ಮ ಜಾಗಕ್ಕೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.

ಥೀಮ್ ಅಂದ್ರೆ ಜರಡಿ

ಇಲ್ಲೇ ನಾವು ಮೊದಲ ಸಲ ಎಡವಿದ್ದು. ಮಳೆಗಾಲ ಅನ್ನೋದು ಥೀಮೇ ಅಲ್ಲ, ಅದು ಒಂದು ಕಾಲ ಅಷ್ಟೇ. ಮಳೆಗಾಲ ಅಂದ್ರೆ ಛತ್ರಿಯೂ ಹೌದು, ಕಪ್ಪೆಯೂ ಹೌದು, ಕಾಗದದ ದೋಣಿಯೂ ಹೌದು, ಸಿಲ್ಕ್ ಬೋರ್ಡಲ್ಲಿ ನೀರು ನಿಂತಿರೋದೂ ಹೌದು. ಏನು ತಂದಿಟ್ರೂ ಸರಿಹೋಗುತ್ತೆ ಅನ್ನೋ ಹಾಗಿದ್ರೆ ಅದು ನಿಮಗೆ ಯಾವ ಸಹಾಯನೂ ಮಾಡಲ್ಲ. ಥೀಮ್ ಇರೋದು ಏನು ಬೇಡ ಅಂತ ಹೇಳೋಕೆ.

ಎರಡನೇ ಸಲ ಒಂದು ವಾಕ್ಯ ಬರ್ಕೊಂಡ್ವಿ: ಆರಿದ್ರಾ ಮಳೆ ಹೊಯ್ಯೋವಾಗ ಮಲೆನಾಡಿನ ಮನೆ ಜಗುಲಿ ಮೇಲೆ ಕೂತಿರೋದು. ಆರಿದ್ರಾ ಅಂದ್ರೆ ಜೂನ್ 22ರ ಆಸುಪಾಸಿಂದ ಎರಡು ವಾರ, ಗದ್ದೆ ಕೆಲಸ ಜೋರಾಗಿರೋ ಕಾಲ. ನಮ್ಮಜ್ಜಿ ಮನೆ ತೀರ್ಥಹಳ್ಳಿ ಕಡೆ, ಆಗುಂಬೆ ಅಲ್ಲಿಂದ ದೂರ ಏನಲ್ಲ, ಮಳೆ ಹಿಡೀತು ಅಂದ್ರೆ ಮೂರು ದಿನ ಜಗುಲಿ ಬಿಟ್ಟು ಇಳಿಯೋ ಹಾಗಿಲ್ಲ. ಅಂಥ ದಿನ ಆ ಜಗುಲಿ ಮೇಲೆ ನಿಜವಾಗ್ಲೂ ಏನೇನು ಇರುತ್ತೆ ಅಂತ ಅಜ್ಜಿಗೆ ಫೋನ್ ಮಾಡಿ ಕೇಳ್ದೆ. "ಏನಿರತ್ತೆ ಮಗ, ಒದ್ದೆ ಕಂಬಳಿ, ಗೊರಬು, ಅಡಿಕೆ ಹಾಳೆ, ಒಂದು ನಾಯಿ" ಅಂದ್ರು. ನಾಯಿ ಒಂದು ಬಿಟ್ಟು ಉಳಿದಿದ್ದೆಲ್ಲ ತಗೊಂಡ್ವಿ.

ಈಗ ಜರಡಿ ಹಿಡಿಯೋದು ಸುಲಭ. ಬಣ್ಣದ ಛತ್ರಿ ಆ ಜಗುಲಿ ಮೇಲೆ ಇರುತ್ತಾ? ಇಲ್ಲ, ಔಟ್. ಥರ್ಮಾಕೋಲ್ ಹನಿ, ಗ್ಲಿಟರ್ ಮೋಡ, ಕಾರ್ಟೂನ್ ಕಪ್ಪೆ ಎಲ್ಲಾ ಔಟ್. ಬಿದಿರು ಸೀಳಿ ಎಲೆ ಹೊದಿಸಿ ಮಾಡೋ ಗೊರಬು, ನಾಟಿ ಮಾಡೋವಾಗ ಹೆಂಗಸರು ಬೆನ್ನ ಮೇಲೆ ಹಾಕ್ಕೊಳ್ಳೋದು, ಅದು ಇನ್. ಕೊಪ್ಪೆ ಹಾಕೋ, ಅಂದ್ರೆ ತಲೆ ಬೆನ್ನು ಮುಚ್ಚೋ ಹಾಗೆ ಮಡಚಿ ಹೊದೆಯೋ, ಕರಿ ಕಂಬಳಿ ಇನ್. ಮರದ ದಳಿ (ಜಗುಲಿ ಅಂಚಿನ ಕಟಕಟೆ), ಅಡಿಕೆ ದಬ್ಬೆ, ಹಿತ್ತಾಳೆ ಚೊಂಬು ಇನ್. ಗ್ರೂಪಲ್ಲಿ ಜಗಳ ಆಗೋದು ಅರ್ಧಕ್ಕರ್ಧ ಕಮ್ಮಿ ಆಯ್ತು, ಯಾಕಂದ್ರೆ ಚೆನ್ನಾಗಿದ್ಯಾ ಇಲ್ವಾ ಅನ್ನೋ ಪ್ರಶ್ನೆ ಹೋಗಿ ಜಗುಲಿ ಮೇಲೆ ಇರುತ್ತಾ ಇಲ್ವಾ ಅನ್ನೋ ಪ್ರಶ್ನೆ ಬಂತು.

ಮೂಡ್‌ಬೋರ್ಡ್ (ಥೀಮಿನ ಫೋಟೋ, ಬಣ್ಣ ಎಲ್ಲಾ ಅಂಟಿಸೋ ಬೋರ್ಡ್) ಮಾಡುವಾಗ ಇಂಟರ್ನೆಟ್ ಫೋಟೋ ಅರ್ಧದಷ್ಟು ಇರಲಿ, ಉಳಿದರ್ಧ ನೀವೇ ತೆಗೆದಿದ್ದಿರಲಿ. ಬಣ್ಣನೂ ಆ ಫೋಟೋಗಳಿಂದಾನೇ ಎತ್ಕೊಳ್ಳಿ. ನಮ್ಮದು ನೆಂದ ಮಣ್ಣಿನ ಕೆಂಪು, ಹೊಗೆ ಹಿಡಿದ ಮರದ ಕಂದು, ಕಂಬಳಿ ಕಪ್ಪು. ಎದ್ದು ಕಾಣೋ ಬಣ್ಣ ಒಂದೇ ಒಂದು, ಡೇರೆ ಹೂವಿನ ರಾಣಿ ಬಣ್ಣ. ಮಲೆನಾಡಲ್ಲಿ ಮಳೆಗಾಲ ಅಂದ್ರೆ ಪ್ರತಿ ಅಂಗಳದಲ್ಲೂ ಡೇರೆ ಇರುತ್ತಲ್ಲ, ಗೊತ್ತಿರೋರಿಗೆ ನೋಡಿದ ಕೂಡ್ಲೇ ಹೊಳೆಯುತ್ತೆ, ಗೊತ್ತಿಲ್ದೋರಿಗೆ ಬರೀ ಚೆಂದ ಕಾಣುತ್ತೆ. ಅರವತ್ತು ಭಾಗ ಹಿನ್ನೆಲೆ ಬಣ್ಣ, ಮೂವತ್ತು ಭಾಗ ಎರಡನೇ ಬಣ್ಣ, ಹತ್ತು ಭಾಗ ಎದ್ದು ಕಾಣೋದು ಅಂತ ಕ್ಲಾಸಲ್ಲಿ ಹೇಳ್ಕೊಡ್ತಾರೆ, ಆ ಹತ್ತನ್ನ ಐದಕ್ಕೆ ಇಳಿಸಿದ್ರೂ ತೊಂದ್ರೆ ಇಲ್ಲ, ಹದಿನೈದಕ್ಕೆ ಏರಿಸಿದ್ರೆ ಮಾತ್ರ ಮದುವೆ ಮಂಟಪ ಆಗುತ್ತೆ.

ಸರಕು ಆರಿಸೋದು

ಇಷ್ಟು ಚಿಕ್ಕ ಜಾಗಕ್ಕೆ ಹನ್ನೆರಡರಿಂದ ಹದಿನೈದು ಬಗೆ ಸಾಕು. ಮೊದಲ ಸಲ ನಾವು ಮೂವತ್ತು ಇಟ್ಟಿದ್ವಿ, ಸಂತೆ ಥರ ಕಾಣ್ತಿತ್ತು. ಅಲ್ಲ, ಸಂತೆಗೆ ಅವಮಾನ ಮಾಡ್ಬಾರ್ದು, ಸಂತೆಯಲ್ಲಿ ಒಂದು ಶಿಸ್ತಿರುತ್ತೆ, ಅದನ್ನ ಆಮೇಲೆ ಹೇಳ್ತೀನಿ.

ಮೂರು ಥರ ಬೇಕು. ಒಂದು, ದೂರದಿಂದ ಕಣ್ಣಿಗೆ ಬೀಳೋ ನಾಯಕ, ನಮ್ಮಲ್ಲಿ ಅದು ಕಂಬಳಿ. ಎರಡು, ನಿಜವಾಗ್ಲೂ ವ್ಯಾಪಾರ ಆಗೋ ಸರಕು, ಹಪ್ಪಳ, ಉಪ್ಪಿನಕಾಯಿ, ಕಷಾಯದ ಪುಡಿ, ಜೋನಿ ಬೆಲ್ಲ. ಮೂರು, ಐವತ್ತು ರೂಪಾಯಿ ಒಳಗೆ ಸಿಗೋ ಏನಾದ್ರೂ ಒಂದು, ಕಾಲೇಜ್ ಹುಡುಗ್ರು ಬರಿಗೈಯಲ್ಲಿ ಹೋಗೋಕೆ ಮನಸ್ಸಿಲ್ದೆ ತಗೊಳ್ಳೋ ಅಂಥದ್ದು. ನಾವು ಒಂದೊಂದು ಲೋಟ ಕಷಾಯಕ್ಕಾಗೋ ಪುಡಿನ ಪುಟ್ಟ ಪೊಟ್ಟಣ ಕಟ್ಟಿ, ಐದು ಪೊಟ್ಟಣ ಸೇರಿ 40 ರೂಪಾಯಿ ಅಂತ ಇಟ್ವಿ.

ದುಡ್ಡು ಹಾಕಿ ಸರಕು ಕೊಳ್ಳೋಕೆ ಹೋಗ್ಬೇಡಿ. ಊರಿನ ಸ್ತ್ರೀಶಕ್ತಿ ಸಂಘದವ್ರು, ಪರಿಚಯದ ಮನೆಯವ್ರು ಇರ್ತಾರಲ್ಲ, ಅವ್ರ ಹತ್ರ ಮಾರಿದ್ರೆ ದುಡ್ಡು ಮಾರದಿದ್ರೆ ವಾಪಸ್ ಅಂತ ಮಾತಾಡ್ಕೊಳ್ಳಿ. ಆದ್ರೆ ಎಷ್ಟು ಪ್ಯಾಕೆಟ್ ಬಂತು, ಒಡೆದ್ರೆ ಯಾರ ತಲೆ ಮೇಲೆ, ದುಡ್ಡು ಯಾವತ್ತು ಕೊಡ್ತೀವಿ, ಇಷ್ಟನ್ನ ಒಂದು ಹಾಳೆ ಮೇಲೆ ಬರೆದು ಇಬ್ರೂ ಸಹಿ ಹಾಕಿ. ತಿನ್ನೋ ಸರಕು ಆದ್ರೆ ಪ್ಯಾಕೆಟ್ ಮೇಲೆ ಮಾಡಿದವ್ರ ಎಫ್‌ಎಸ್‌ಎಸ್‌ಎಐ ನಂಬರ್ (ಆಹಾರ ಸುರಕ್ಷತೆ ಲೈಸೆನ್ಸಿನದ್ದು), ತೂಕ, ಎಂಆರ್‌ಪಿ, ತಯಾರಿಸಿದ ತಾರೀಕು ಇದ್ಯಾ ನೋಡ್ಕೊಳ್ಳಿ. ವಿದ್ಯಾರ್ಥಿಗಳದ್ದು ಬಿಡಿ ಅಂತ ಯಾರೂ ಬಿಡಲ್ಲ, ಮಾರ್ಕ್ಸ್ ಹಾಕೋಕೆ ಬರೋ ಜ್ಯೂರಿಯಲ್ಲಂತೂ ಇದನ್ನ ಕೇಳೇ ಕೇಳ್ತಾರೆ.

ಪ್ಲಾನ್ ಹಾಕೋದು, ನೆಲದ ಮೇಲೆ ನಡೆಯೋದು

ಒಂದು ಅಡಿಗೆ ಒಂದು ಇಂಚು ಅಂತ ಇಟ್ಕೊಂಡ್ರೆ 10 ಅಡಿ 8 ಅಡಿ ಜಾಗ ಒಂದು ಎ4 ಹಾಳೆಯಲ್ಲಿ ಸರಿಯಾಗಿ ಕೂರುತ್ತೆ. ಟೇಬಲ್, ಶೆಲ್ಫ್, ಕೌಂಟರ್ ಎಲ್ಲಾನೂ ಬೇರೆ ಬಣ್ಣದ ಕಾಗದದಲ್ಲಿ ಅದೇ ಅಳತೆಗೆ ಕತ್ತರಿಸಿ ಹಾಳೆ ಮೇಲೆ ಚೌಕಾಬಾರ ಕಾಯಿ ಥರ ಸರಿಸಾಡ್ಸಿ. ಸಾಫ್ಟ್‌ವೇರಲ್ಲಿ ಮಾಡೋದಕ್ಕಿಂತ ಬೇಗ ಆಗುತ್ತೆ, ನಾಲ್ಕು ಜನ ಒಟ್ಟಿಗೆ ಕೂತು ಮಾಡಬಹುದು.

ಓಡಾಡೋ ದಾರಿ ಮೂರಡಿಗಿಂತ ಕಮ್ಮಿ ಆಗೋದು ಬೇಡ. ವೀಲ್‌ಚೇರ್ ಬರೋಕೂ ಅಷ್ಟು ಬೇಕೇ ಬೇಕು, ಬೇರೆಯವ್ರಿಗೂ ಬೇಕು. ಪಾಕೋ ಅಂಡರ್‌ಹಿಲ್ ಅಂತ ಅಮೆರಿಕದವ್ರು ಅಂಗಡಿಗಳಲ್ಲಿ ಜನ ಹೇಗೆ ನಡ್ಕೋತಾರೆ ಅಂತ ವರ್ಷಗಟ್ಟಲೆ ನಿಂತು ನೋಡಿದವ್ರು, ಅವ್ರು ಹೇಳೋದೇನಂದ್ರೆ ಬಗ್ಗಿ ಏನೋ ನೋಡ್ತಿರೋವಾಗ ಹಿಂದಿನಿಂದ ಯಾರಾದ್ರೂ ತಾಗಿಸ್ಕೊಂಡು ಹೋದ್ರೆ, ಅದ್ರಲ್ಲೂ ಹೆಂಗಸರು, ಕೈಲಿದ್ದಿದ್ದನ್ನ ಅಲ್ಲೇ ಇಟ್ಟು ಹೊರಟುಬಿಡ್ತಾರೆ ಅಂತ. ಬಿಎಂಟಿಸಿಯಲ್ಲಿ ಓಡಾಡೋ ನಮಗೆ ಇದು ಅನ್ವಯಿಸಲ್ಲ ಅಂದ್ಕೊಂಡಿದ್ದೆ, ಮೊದಲ ಪಾಪ್ ಅಪ್ಪಲ್ಲಿ ಕಣ್ಣಾರೆ ನೋಡ್ದೆ, ಅನ್ವಯಿಸುತ್ತೆ.

ಹಾಳೆ ಮೇಲೆ ಸರಿಹೋದ ಮೇಲೆ ಕಾಲೇಜ್ ಕಾರಿಡಾರಲ್ಲಿ ಮಾಸ್ಕಿಂಗ್ ಟೇಪ್ ಹಾಕಿ ಪೂರ್ತಿ ಅಳತೆಗೆ ಗುರುತು ಮಾಡಿ. ಟೇಬಲ್ ಜಾಗದಲ್ಲಿ ಕುರ್ಚಿ ಇಡಿ. ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಮೂರು ಜನ ಒಟ್ಟಿಗೆ ಒಳಗೆ ಹೋಗಿ, ಒಬ್ರು ಬಗ್ಗಿ ಏನೋ ಎತ್ಕೊಳ್ಳಿ, ಇನ್ನೊಬ್ರು ಹಿಂದಿಂದ ಹೊರಗೆ ಬನ್ನಿ. ನಮ್ಮ ಚೆಂದದ ಮಧ್ಯದ ಟೇಬಲ್ ಸತ್ತಿದ್ದು ಈ ಪರೀಕ್ಷೆಯಲ್ಲೇ. ಅದನ್ನ ತೆಗೆದು ಎಡಗೋಡೆ, ಹಿಂದಿನ ಗೋಡೆ ಸೇರಿಸಿ ಎಲ್ ಆಕಾರಕ್ಕೆ ಬಂದ್ವಿ. ಹಣ ತಗೊಳ್ಳೋ ಕೌಂಟರ್ ಹಿಂದಿನ ಬಲಮೂಲೆಗೆ ಹೋಯ್ತು, ಯಾಕಂದ್ರೆ ಬಾಗಿಲಲ್ಲೇ ಯಾರಾದ್ರೂ ಕ್ಯೂಆರ್ ಕೋಡ್ ಇಟ್ಕೊಂಡು ಕೂತಿದ್ರೆ ಒಳಗೆ ಬರೋಕೇ ಜನ ಹಿಂದೆಮುಂದೆ ನೋಡ್ತಾರೆ.

ಗೋಡೆಯ ಚಿತ್ರನೂ ಅದೇ ಅಳತೆಯಲ್ಲಿ ಬರೀರಿ. ನೆಲದಿಂದ ನಾಲ್ಕಡಿಯಿಂದ ಐದೂವರೆ ಅಡಿ ಮಧ್ಯೆ ಇರೋದೇ ಚಿನ್ನದ ಜಾಗ, ಕಣ್ಣು ನೇರ ಅಲ್ಲಿಗೇ ಹೋಗೋದು. ಅಲ್ಲಿ ಮಾರ್ಬೇಕಾಗಿರೋ ಸರಕು ಇಡಿ, ಅಲಂಕಾರದ ಚೊಂಬು ಇಡ್ಬೇಡಿ. ಎರಡಡಿಗಿಂತ ಕೆಳಗೆ ದೊಡ್ಡ ಡಬ್ಬ, ಸ್ಟಾಕು. ಆರಡಿ ಮೇಲೆ ಬರೀ ನೋಡೋಕೆ ಇರೋದು.

ಈಗ ಸಂತೆ ಶಿಸ್ತಿನ ವಿಷ್ಯ. ಬಸವನಗುಡಿ ಕಡಲೆಕಾಯಿ ಪರಿಷೆಗೆ ಕಾರ್ತಿಕದ ಕೊನೇ ಸೋಮವಾರ ಹೋಗ್ತೀರಲ್ಲ, ಮುಂದಿನ ಸಲ ತಿನ್ನೋದನ್ನ ಹತ್ತು ನಿಮಿಷ ನಿಲ್ಲಿಸಿ ರಾಶಿಗಳನ್ನ ನೋಡಿ. ಒಂದು ಗೋಣಿ ಮೇಲೆ ಒಂದೇ ಬಗೆ. ಹಸೀದು, ಹುರಿದಿದ್ದು, ಬೇಯಿಸಿದ್ದು ಬೇರೆಬೇರೆ ರಾಶಿ, ಒಂದಕ್ಕೊಂದು ಬೆರೆಯಲ್ಲ. ರಾಶಿ ಗೋಪುರದ ಥರ ಮೇಲಕ್ಕೆ ಏರಿರುತ್ತೆ, ಮಾರ್ತಾ ಮಾರ್ತಾ ತಗ್ಗಿದ್ರೆ ಆಯಮ್ಮ ಕೈಯಲ್ಲಿ ಬಳಿದು ಬಳಿದು ಮತ್ತೆ ತುದಿ ಮಾಡ್ತಾಳೆ. ಸೇರು ರಾಶಿ ನೆತ್ತಿ ಮೇಲೆ ನೆಟ್ಟಿರುತ್ತೆ, ಬಲ್ಬು ನೇರ ಅದ್ರ ಮೇಲೆ. ಪುಸ್ತಕದಲ್ಲಿ ಪಿರಮಿಡ್, ರಿಪಿಟಿಷನ್ (ಒಂದೇ ವಸ್ತು ಪದೇಪದೇ ಇಡೋದು), ಫೋಕಲ್ ಪಾಯಿಂಟ್ (ಕಣ್ಣು ನಿಲ್ಲೋ ಜಾಗ), ಆಕ್ಸೆಂಟ್ ಲೈಟ್ (ಅದ್ರ ಮೇಲೆ ಬೀಳೋ ಬೆಳಕು) ಅಂತ ನಾಲ್ಕು ಅಧ್ಯಾಯ ಇರೋದು ಅಲ್ಲಿ ಒಂದು ಗೋಣಿ ಮೇಲಿದೆ. ನಾವು ಉಪ್ಪಿನಕಾಯಿ ಬಾಟಲಿ ಹೀಗೇ ಮಾಡಿದ್ವಿ, ಐದು ಬಗೆ ಒಂದೊಂದು ಬಾಟಲಿ ಸಾಲಾಗಿ ಇಡೋ ಬದ್ಲು, ಅಪ್ಪೆಮಿಡಿ (ಘಮ ಇರೋ ಎಳೇ ಮಾವಿನಕಾಯಿ) ಒಂದೇ ಬಗೆ ಇಪ್ಪತ್ತೊಂದು ಬಾಟಲಿ, ಒಂದ್ರ ಮೇಲೊಂದು ಮೆಟ್ಟಿಲು ಮೆಟ್ಟಿಲಾಗಿ. ಒಂದು ಬಾಟಲಿ ಮಾರಿದ ಕೂಡ್ಲೇ ಟೇಬಲ್ ಕೆಳಗಿಂದ ಇನ್ನೊಂದು ಬರ್ಬೇಕು, ತುದಿ ಖಾಲಿ ಕಾಣ್ಬಾರ್ದು.

ಮಳೆ ಬರ್ಸಿದ್ದು ಹೀಗೆ

ಮೊದಲ ಸಲದ ಇನ್ನೊಂದು ಕಥೆ ಇದೆ. ಛತ್ರಿ ಸಾಲದು ಅಂತ ಚಿಕ್ಕ ಮೋಟಾರ್ ಹಾಕಿ ನಿಜವಾದ ನೀರು ತೊಟ್ಟಿಕ್ಕೋ ಹಾಗೆ ಮಾಡಿದ್ವಿ. ಸಂಜೆ ಹೊತ್ತಿಗೆ ಪಕ್ಕದಲ್ಲಿ ತೆರೆದಿಟ್ಟಿದ್ದ ಸ್ಯಾಂಪಲ್ ಹಪ್ಪಳ ಎಲ್ಲಾ ಮೆತ್ತಗಾಗಿ ಕರವಸ್ತ್ರದ ಥರ ಮಡಚೋಕೆ ಬರ್ತಿತ್ತು, ಆಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಹತ್ರ ನೀರು ಹರಿದು ಎಂಸಿಬಿ ಬಿತ್ತು, ಇಡೀ ಸಾಲಿಗೇ ಕತ್ತಲೆ. ಪಕ್ಕದ ಗ್ರೂಪಿನವ್ರು ಇವತ್ತಿಗೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ನೀರು, ಬೆಂಕಿ, ಧೂಪ, ಈ ಮೂರೂ ಬೇಡ.

ಎರಡನೇ ಸಲ ಮಳೆ ಮಾಡಿದ್ದು ದಾರದಲ್ಲಿ. ಹಿಂದಿನ ಗೋಡೆ 10 ಅಡಿ, ಅಂದ್ರೆ 120 ಇಂಚು. ಮೇಲೊಂದು ರೀಪರ್ (ಮರದ ಪಟ್ಟಿ), ಕೆಳಗೊಂದು ರೀಪರ್, ಎರಡಕ್ಕೂ ಇಂಚಿಗೊಂದು ಚಿಕ್ಕ ಮೊಳೆ. ಬಿಳಿ ಕ್ರೋಶಾ ದಾರ ಮೇಲಿಂದ ಕೆಳಗೆ ಎಳೆದು ಕಟ್ಟೋದು, ಆದ್ರೆ ನೇರ ಅಲ್ಲ, ಕೆಳಗೆ ಎಂಟು ಮೊಳೆ ಪಕ್ಕಕ್ಕೆ ಸರಿಸಿ ಓರೆಯಾಗಿ. ನೇರ ಕಟ್ಟಿದ್ರೆ ಮಗ್ಗ ಕಾಣುತ್ತೆ, ಓರೆ ಕಟ್ಟಿದ್ರೆ ಗಾಳಿ ಬೀಸೋ ಜಡಿಮಳೆ. ಮೊದಲು ಗಾಳದ ನೈಲಾನ್ ದಾರ ತಂದಿದ್ವಿ, ಗಂಟು ಜಾರಿ ಜಾರಿ ರಾತ್ರಿ ಹನ್ನೊಂದಕ್ಕೆ ಅರವತ್ತು ಎಳೆ ಬಿಚ್ಕೊಂಡು ಬಿತ್ತು. ಹತ್ತಿ ದಾರ ಕಚ್ಕೊಂಡು ನಿಲ್ಲುತ್ತೆ. ಮೂರಿಂಚು ಮುಂದೆ ಇನ್ನೊಂದು ಸಾಲು ಹಾಕಿದ್ವಿ, ಒಟ್ಟು ಸುಮಾರು 240 ಎಳೆ, ಎಳೆಗೆ ಎಂಟಡಿ ಮೇಲೆ, ಅಂದ್ರೆ 600 ಮೀಟರ್ ಹತ್ರಹತ್ರ. 700 ಮೀಟರ್ ತನ್ನಿ, ಹಾಳಾಗೋದು ಇದ್ದೇ ಇರುತ್ತೆ. ಎರಡು ಸಾಲು ಇರೋದ್ರಿಂದ ನೀವು ನಡೆದ್ರೆ ಎಳೆಗಳು ಒಂದರ ಹಿಂದೊಂದು ಸರಿದಾಡಿ ಮಳೆ ಅಲ್ಲಾಡಿದ ಹಾಗೆ ಕಾಣುತ್ತೆ. ಅದನ್ನ ನಾವು ಪ್ಲಾನ್ ಮಾಡಿರ್ಲಿಲ್ಲ, ಆದ್ರೆ ಜ್ಯೂರಿಯಲ್ಲಿ ಪ್ಲಾನ್ ಮಾಡಿದ್ವಿ ಅಂತಾನೇ ಹೇಳಿದ್ದು.

ಕಂಬಳಿನ ಆ ಮಳೆ ಮುಂದೆ ಒಂದು ಮರದ ಗೂಟಕ್ಕೆ ಕೊಪ್ಪೆ ಥರ ಮಡಚಿ ಹಾಕಿದ್ವಿ. ಬೊಂಬೆ ಇಲ್ಲ, ಮುಖ ಇಲ್ಲ, ಆದ್ರೂ ಯಾರೋ ಮಳೆಯಲ್ಲಿ ನಿಂತಿರೋ ಹಾಗೆ. ಗಮನಿಸಿ, ಇಲ್ಲಿ ಎದ್ದು ಕಾಣ್ತಿರೋದೇ ಮಾರೋ ಸರಕು. ಛತ್ರಿಯಲ್ಲಿ ಆಗಿದ್ದು ಉಲ್ಟಾ.

ಪ್ರಾಪ್ಸ್ (ಮಾರದೆ ಬರೀ ಅಲಂಕಾರಕ್ಕೆ ಇಡೋದು) ಅಂಗಡಿಗಿಂತ ದೊಡ್ಡದಾದ್ರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಕಥೆ ಒಂದಿದೆ. 1939ರಲ್ಲಿ ನ್ಯೂಯಾರ್ಕಿನ ಬಾನ್‌ವಿಟ್ ಟೆಲ್ಲರ್ ಅಂಗಡಿಯವ್ರು ಕಿಟಕಿ ಡಿಸ್ಪ್ಲೇ ಮಾಡಿಕೊಡಿ ಅಂತ ಕಲಾವಿದ ಸಾಲ್ವಡಾರ್ ಡಾಲಿಗೆ ಹೇಳಿದ್ರು. ಆತ ಸ್ನಾನದ ತೊಟ್ಟಿಗೆಲ್ಲ ತುಪ್ಪಳ ಹೊದಿಸಿ ವಿಚಿತ್ರ ಬೊಂಬೆ ಎಲ್ಲಾ ಇಟ್ಟ, ಅಂಗಡಿಯವ್ರು ಅವನನ್ನ ಕೇಳದೆ ಬೊಂಬೆ ಬದಲಾಯಿಸಿದ್ರು, ಡಾಲಿ ಸಿಟ್ಟಲ್ಲಿ ಬಂದು ತೊಟ್ಟಿ ಎಳೆದಾಡೋವಾಗ ಅದು ಗಾಜು ಒಡ್ಕೊಂಡು ಫಿಫ್ತ್ ಅವೆನ್ಯೂಗೆ ಬಿತ್ತು, ಜೊತೆಗೆ ಡಾಲಿನೂ. ಪೊಲೀಸ್ರು ಹಿಡ್ಕೊಂಡು ಹೋದ್ರು. ನೀವು ಡಾಲಿ ಅಲ್ಲ, ಹಾಗಾಗಿ ಏನು ಇಡ್ತೀವಿ ಅನ್ನೋ ಚಿತ್ರಕ್ಕೆ ಸರಕು ಕೊಡೋರ ಹತ್ರನೂ ಮೇಡಂ ಹತ್ರನೂ ಮೊದಲೇ ಒಪ್ಪಿಗೆ ತಗೊಂಡುಬಿಡಿ.

ಸ್ಟ್ಯಾಂಡಿಗೆ ಹಣ್ಣಿನ ಮರದ ಪೆಟ್ಟಿಗೆ ಉಪ್ಪುಕಾಗದದಲ್ಲಿ ಉಜ್ಜಿ ಉಪಯೋಗಿಸಬಹುದು, ಉಜ್ಜದೆ ಇಟ್ರೆ ಕೈಗೆ ಸಿಬಿರು ಚುಚ್ಚುತ್ತೆ. ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ತಗೊಂಡ್ರೆ 5 ಮಿಲಿಮೀಟರಿಂದು ತಗೊಳ್ಳಿ, 3ರದ್ದು ಎರಡನೇ ದಿನಕ್ಕೇ ಬಗ್ಗುತ್ತೆ. ಬಣ್ಣದ ಕಾಗದ, ಕಾರ್ಡ್ ಎಲ್ಲಾ ಅವೆನ್ಯೂ ರೋಡಲ್ಲಿ, ಲೈಟು ವೈರು ಎಸ್‌ಪಿ ರೋಡಲ್ಲಿ. ಎರಡೂ ನಡೆಯೋ ದೂರ, ಒಂದೇ ಬೆಳಗ್ಗೆ ಮುಗಿಯುತ್ತೆ, ಭಾನುವಾರ ಮಾತ್ರ ಹೋಗ್ಬೇಡಿ.

ಬೆಳಕು

ಟ್ಯೂಬ್‌ಲೈಟ್ ಆಫ್ ಮಾಡೋಕಾಗುತ್ತಾ ಕೇಳಿ. ಆಗಲ್ಲ ಅಂದ್ರೆ ನಿಮ್ಮ ಜಾಗದ ಮೇಲಿರೋದನ್ನ ಮಾತ್ರ ತೆಗೆಸೋಕಾಗುತ್ತಾ ಕೇಳಿ. ಆಮೇಲೆ ನಿಮ್ಮ ಸ್ಪಾಟ್‌ಲೈಟ್ ಹಾಕಿ. 3000 ಕೆಲ್ವಿನ್ ಇರೋ ಹಳದಿ ಬೆಳಕು, ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ) 90ರ ಮೇಲಿರೋದು ಕೇಳಿ ತಗೊಳ್ಳಿ. ಸಿಆರ್‌ಐ ಕಮ್ಮಿ ಇರೋ ಬಲ್ಬಲ್ಲಿ ಉಪ್ಪಿನಕಾಯಿಯ ಕೆಂಪು ಬೂದಿ ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತೆ, ಯಾರೂ ಕೊಳ್ಳಲ್ಲ. ನಾಯಕ ಸರಕಿನ ಮೇಲೆ ಸುತ್ತಲಿಗಿಂತ ಮೂರು ಪಟ್ಟಾದ್ರೂ ಬೆಳಕಿರಲಿ. ದಾರದ ಮಳೆಗೆ ಮುಂದಿಂದ ಬೆಳಕು ಬಿಟ್ರೆ ಬಿಳಿ ಪರದೆ ಅಷ್ಟೇ, ಬದಿಯಿಂದ ಬಿಟ್ರೆ ಒಂದೊಂದು ಎಳೆನೂ ಹೊಳೆಯುತ್ತೆ. 7 ವ್ಯಾಟಿನ ಆರು ಸ್ಪಾಟು, ಒಟ್ಟು 42 ವ್ಯಾಟ್, ಲೋಡ್ ಏನಿಲ್ಲ, ಆದ್ರೆ ವೈರ್ ಮಾತ್ರ ಯಾರ ಕಾಲಿಗೂ ಸಿಗದ ಹಾಗೆ ಗೋಡೆ ಅಂಚಲ್ಲಿ ಹೋಗ್ಬೇಕು. ಹಾಕಿದ ಮೇಲೆ ಗಿರಾಕಿ ನಿಲ್ಲೋ ಜಾಗದಲ್ಲಿ ನೀವು ನಿಂತು ನೋಡಿ, ಕಣ್ಣಿಗೆ ಹೊಡೀತಿದ್ಯಾ, ನಿಮ್ಮ ನೆರಳೇ ಸರಕಿನ ಮೇಲೆ ಬೀಳ್ತಿದ್ಯಾ.

ಬೋರ್ಡು, ಬೆಲೆ ಚೀಟಿ

ಹತ್ತಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಅನ್ನೋದು ಲೆಕ್ಕ. ಮೂವತ್ತಡಿ ದೂರದಿಂದ ಹೆಸರು ಓದ್ಬೇಕು ಅಂದ್ರೆ ಮೂರು ಇಂಚು. ಕನ್ನಡಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಇಡಿ, ಒತ್ತಕ್ಷರ ಕೆಳಗೆ ಇಳಿಯುತ್ತಲ್ಲ.

ಒತ್ತಕ್ಷರ ಅಂದ ಕೂಡ್ಲೇ ನೆನಪಾಯ್ತು, ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ. ಫೋಟೋಶಾಪ್, ಇಲ್ಲಸ್ಟ್ರೇಟರಲ್ಲಿ ಸೆಟ್ಟಿಂಗ್ ಸರಿ ಇಲ್ದಿದ್ರೆ ಯೂನಿಕೋಡ್ ಕನ್ನಡ ಒಡೆದುಹೋಗುತ್ತೆ, ಉಪ್ಪಿನಕಾಯಿ ಅನ್ನೋದು ಉಪ್‌ಪಿನಕಾಯಿ ಆಗುತ್ತೆ. ಭಾರತೀಯ ಭಾಷೆಗಳಿಗೆ ಇರೋ ಟೆಕ್ಸ್ಟ್ ಸೆಟ್ಟಿಂಗ್ ಆನ್ ಮಾಡಿ, ಸರಿ ಕಂಡ ಮೇಲೆ ಅಕ್ಷರಗಳನ್ನ (ಫಾಂಟ್ ಬೇಡದ ಚಿತ್ರ ಆಗೋ ಹಾಗೆ) ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ. ಪ್ರಿಂಟ್ ಅಂಗಡಿಯವ್ರ ಕಂಪ್ಯೂಟರಲ್ಲಿ ನಿಮ್ಮ ಫಾಂಟ್ ಇರಲ್ಲ. ಪ್ರಿಂಟ್ ಹಾಕೋ ಮುಂಚೆ ಗ್ರೂಪಿಗೆ ಸಂಬಂಧ ಇಲ್ಲದ ಯಾರಿಗಾದ್ರೂ ಗಟ್ಟಿಯಾಗಿ ಓದಿಸಿ. ನಾವು ನಮ್ಮ ತಪ್ಪು ಓದೋದೇ ಇಲ್ಲ, ಸರಿ ಇದೆ ಅಂದ್ಕೊಂಡು ದಾಟ್ಕೊಂಡು ಹೋಗ್ತೀವಿ.

ಬೆಲೆ ಬರೀದೆ ಇದ್ರೆ ಸ್ಟೈಲಾಗಿ ಕಾಣುತ್ತೆ ಅಂತ ಯಾರೋ ತಲೆಗೆ ತುಂಬಿದಾರೆ. ನಮ್ಮ ಜನ ಬೆಲೆ ಇಲ್ದಿದ್ರೆ ದುಬಾರಿ ಅಂದ್ಕೊಂಡು ಕೇಳದೇ ಹೋಗ್ತಾರೆ. ಪ್ರತಿಯೊಂದಕ್ಕೂ ಬೆಲೆ ಹಾಕಿ, ಚೀಟಿ ಎಲ್ಲಾ ಒಂದೇ ಅಳತೆ, ಒಂದೇ ಕೈಬರಹ. ನಾವು ಅಡಿಕೆ ಹಾಳೆ ಕತ್ತರಿಸಿ ಅದ್ರ ಮೇಲೆ ಬಿಳಿ ಪೆನ್ನಲ್ಲಿ ಬರೆದ್ವಿ, ಒಂದು ಹಾಳೆಗೆ ಹದಿನೆಂಟು ಚೀಟಿ ಬಂತು. ಸರಕಿನ ಕಥೆ ಬರೆಯೋದಾದ್ರೆ ಎರಡು ಸಾಲು ಸಾಕು. "ಅಪ್ಪೆಮಿಡಿ: ತೊಟ್ಟು ಮುರಿದ್ರೆ ಘಮ್ ಅನ್ನತ್ತೆ." ಇಷ್ಟು ಬರೆದಿದ್ವಿ, ಜನ ಬಾಟಲಿ ಎತ್ತಿ ಮೂಸಿ ನೋಡೋರು, ಮುಚ್ಚಳ ಹಾಕಿದ್ರೂ.

ದುಡ್ಡಿನ ಲೆಕ್ಕ

15,000ದಲ್ಲಿ ನಮಗೆ ಆಗಿದ್ದು: ರೀಪರ್, ಪೆಟ್ಟಿಗೆ, ಶೆಲ್ಫ್ 3,800. ಲೈಟು 3,200. ಟೆಂಪೋ ಹೋಗಿ ಬರೋಕೆ 2,600. ಪ್ರಿಂಟು 1,900. ದಾರ, ಮೊಳೆ, ಬಣ್ಣ, ಟೇಪು 1,500. ಟೀ, ಪಫ್, ರಾತ್ರಿ ಊಟ 800. ಒಟ್ಟು 13,800. ಉಳಿದ 1,200ನ ಮೊದಲಿಂದಾನೇ ಮುಟ್ಟಿರ್ಲಿಲ್ಲ, ಸೆಟಪ್ ದಿನ ಲೈಟಿನ ಒಂದು ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡೋ ಡಬ್ಬಿ) ಸುಟ್ಟುಹೋದಾಗ ಅದೇ ಕಾಪಾಡಿದ್ದು. ಟೆಂಪೋ ಖರ್ಚನ್ನ ಎಲ್ರೂ ಮರೀತಾರೆ ನೋಡಿ, ಹೋಗೋದಷ್ಟೇ ಅಲ್ಲ, ವಾಪಸ್ ತರೋದೂ ಇರುತ್ತೆ.

ಸೆಟಪ್ ದಿನ

ಮೇಲಿಂದ ಕೆಳಕ್ಕೆ, ಹಿಂದಿಂದ ಮುಂದಕ್ಕೆ. ಮೊದಲು ತೂಗುಹಾಕೋದು, ಆಮೇಲೆ ಗೋಡೆ, ಆಮೇಲೆ ಟೇಬಲ್ಲು, ಲೈಟು, ಕೊನೆಗೆ ಸರಕು, ಬೆಲೆ ಚೀಟಿ. ಉಲ್ಟಾ ಮಾಡಿದ್ರೆ ಉಪ್ಪಿನಕಾಯಿ ಮೇಲೆ ಸುತ್ತಿಗೆ ಬೀಳುತ್ತೆ, ಹೇಳಿದೀನಿ. ಗುಡಿಸೋಕೆ ಪೊರಕೆ, ಒರೆಸೋಕೆ ಬಟ್ಟೆ ನೀವೇ ತಗೊಂಡ್ಹೋಗಿ. ಕತ್ತರಿ, ಕಟ್ಟರ್, ಸುತ್ತಿಗೆ, ಎರಡು ಬದಿ ಅಂಟೋ ಟೇಪು, ಸ್ಕ್ರೂಡ್ರೈವರ್, ಬ್ಯಾಂಡೇಜ್ ಇರೋ ಡಬ್ಬ ಒಬ್ರ ಜವಾಬ್ದಾರಿಯಲ್ಲಿರಲಿ. ಎಲ್ಲಾ ಆದ ಮೇಲೆ ಹದಿನೈದಡಿ ದೂರ ಹೋಗಿ ಫೋನಲ್ಲಿ ಕಪ್ಪುಬಿಳುಪು ಫೋಟೋ ತೆಗೀರಿ. ಬಣ್ಣ ಇಲ್ದೆ ನೋಡಿದಾಗ ಕಣ್ಣು ಮೊದಲು ಎಲ್ಲಿ ಹೋಗುತ್ತೆ ಅಂತ ಗೊತ್ತಾಗುತ್ತೆ. ಕಸದ ಬುಟ್ಟಿ ಕಡೆ ಹೋದ್ರೆ ಅದನ್ನ ಸರಿಸಿ.

ಅಂಗಡಿ ನಡೀತಿರುವಾಗ

ಒಬ್ರು ಮಾರಾಟಕ್ಕಲ್ಲದೆ ಬರೀ ಎಣಿಸೋಕೆ ಕೂರ್ಬೇಕು. ಎಷ್ಟು ಜನ ಮುಂದೆ ಹಾದುಹೋದ್ರು, ಎಷ್ಟು ಜನ ನಿಂತ್ರು, ಒಳಗೆ ಬಂದ್ರು, ಏನಾದ್ರೂ ಮುಟ್ಟಿದ್ರು, ಕೊಂಡ್ರು. ಐದು ಸಾಲು, ಗೀಟು ಗೀಟು ಹಾಕ್ತಾ ಹೋದ್ರೆ ಸಾಕು. ಎಲ್ಲಿ ಸಂಖ್ಯೆ ಧಡಕ್ಕನೆ ಬೀಳುತ್ತೋ ಅಲ್ಲಿ ರೋಗ ಇದೆ. ನಿಂತೋರು ಜಾಸ್ತಿ ಒಳಗೆ ಬಂದೋರು ಕಮ್ಮಿ ಅಂದ್ರೆ ಬಾಗಿಲಲ್ಲಿ ಏನೋ ತಡೀತಿದೆ. ಮುಟ್ಟಿದೋರು ಜಾಸ್ತಿ ಕೊಂಡೋರು ಕಮ್ಮಿ ಅಂದ್ರೆ ಬೆಲೆನೋ, ಪ್ಯಾಕಿಂಗೋ. ನಮಗೆ ಮೊದಲ ದಿನ ಮಧ್ಯಾಹ್ನ ಜನ ನಿಂತು ಕಂಬಳಿ ನೋಡಿ ಹಾಗೇ ಹೋಗ್ತಿದ್ರು. ಯೋಚನೆ ಮಾಡಿದ್ರೆ, ಜಗುಲಿ ಅನ್ನೋ ಭಾವನೆ ಬರ್ಲಿ ಅಂತ ಮುಂದೆ ಇಟ್ಟಿದ್ದ ದಳಿ ಅಡ್ಡಗೋಡೆ ಥರ ಆಗಿತ್ತು. ಅದನ್ನ ಬದಿಗೆ ತಿರುಗಿಸಿ, ಕಷಾಯದ ಪೊಟ್ಟಣದ ಬುಟ್ಟಿನ ಬಾಗಿಲಿಗೆ ತಂದು, ಒಂದು ಫ್ಲಾಸ್ಕಲ್ಲಿ ಬಿಸಿ ಕಷಾಯ ಇಟ್ಟು ಚಿಕ್ಕ ಲೋಟದಲ್ಲಿ ಕೊಡೋಕೆ ಶುರು ಮಾಡಿದ್ವಿ. ಲೋಟ ಕೈಗೆ ಬಂದ ಮೇಲೆ ಅದು ಖಾಲಿ ಆಗೋವರೆಗೆ ಜನ ಎಲ್ಲೂ ಹೋಗಲ್ಲ, ಬಿಸಿ ಇದ್ರೆ ಇನ್ನೂ ನಿಧಾನ. ಅಷ್ಟೊತ್ತಿಗೆ ಗೋಡೆ ಎಲ್ಲಾ ನೋಡಿ ಮುಗಿಸಿರ್ತಾರೆ.

ಬದಲಾಯಿಸೋ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ, ಎರಡರ ಪಕ್ಕದಲ್ಲೂ ಆ ಗಂಟೆಯ ಎಣಿಕೆ. ರಿಪೋರ್ಟಲ್ಲಿ ಈ ಒಂದು ಪುಟಕ್ಕೆ ನಮಗೆ ಸಿಕ್ಕಷ್ಟು ಮಾರ್ಕ್ಸ್ ಇಪ್ಪತ್ತು ಪುಟದ ಮೂಡ್‌ಬೋರ್ಡಿಗೆ ಸಿಗ್ಲಿಲ್ಲ. ಜ್ಯೂರಿ ಮುಂದೆ ಎಲ್ಲಾ ಚೆನ್ನಾಗೇ ಆಯ್ತು ಅಂತ ಹೇಳೋಕೆ ಹೋಗ್ಬೇಡಿ, ಅವ್ರಿಗೆ ಗೊತ್ತಾಗುತ್ತೆ. ದಳಿ ತಪ್ಪಾಗಿತ್ತು, ಹೀಗೆ ಕಂಡುಹಿಡಿದ್ವಿ, ಹೀಗೆ ಸರಿ ಮಾಡಿದ್ವಿ ಅನ್ನಿ.

ಬಿಚ್ಚೋದು

ಇದಕ್ಕೂ ಎರಡು ಗಂಟೆ ಇಟ್ಕೊಳ್ಳಿ, ಎಲ್ರೂ ಸುಸ್ತಾಗಿರ್ತಾರೆ, ಇಬ್ರು ಮೆಲ್ಲಗೆ ಜಾರ್ಕೋತಾರೆ. ಉಳಿದ ಸರಕು ಎಣಿಸಿ, ಸಹಿ ಹಾಕಿದ ಹಾಳೆ ಜೊತೆ ತಾಳೆ ನೋಡಿ, ದುಡ್ಡು ಅವತ್ತೇ ಕಳ್ಸಿ. ಗೋಡೆ ಟೇಪಿನ ಅಂಟಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿದ್ರೆ ಹೋಗುತ್ತೆ, ಸುಣ್ಣದ ಗೋಡೆಗೆ ಮಾತ್ರ ಹಚ್ಬೇಡಿ, ಕಲೆ ಉಳಿಯುತ್ತೆ. ಮಳೆ ದಾರನ ಒಂದೊಂದೇ ಬಿಚ್ಚಿ ಉಂಡೆ ಸುತ್ತಿ ಇಟ್ಕೊಳ್ಳೋಣ ಅಂತ ಗ್ರೂಪಲ್ಲಿ ಒಬ್ರಾದ್ರೂ ಹೇಳೇ ಹೇಳ್ತಾರೆ. ಕೇಳ್ಬೇಡಿ. ಕತ್ತರಿ ತಗೊಂಡು ಕತ್ತರಿಸಿ.